ಬೀರು ಒಳಗೆ ತಾನೇ ಹೊತ್ತಿಕೊಳ್ಳುವ ಲೈಟ್: ಯಾವುದು ಹಾಕಿಸಬೇಕು? ಹಾಕಿಸಿದ್ದು ಯಾಕೆ ಆರುತ್ತಿಲ್ಲ?

ವಿದ್ಯಾನಗರದ ಮನೆಯಾಕೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮರಗೆಲಸ ಈಗಷ್ಟೇ ಮುಗಿಯಿತು. ಬೆಡ್‌ರೂಮಿನ ವಾರ್ಡ್ರೋಬಿಗೆ ಎಲ್‌ಇಡಿ ಸ್ಟ್ರಿಪ್ ಹಾಕಿಸಿದ್ದೇವೆ. ಬಾಗಿಲು ತೆಗೆದರೆ ಹೊತ್ತಬೇಕು, ಮುಚ್ಚಿದರೆ ಆರಬೇಕು. ಹೊತ್ತುವುದೇನೋ ಹೊತ್ತುತ್ತದೆ, ಆರುವುದೇ ಇಲ್ಲ. ರಾತ್ರಿ ರೂಮಿನ ಲೈಟ್ ಆರಿಸಿದರೆ ಎರಡು ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಹಾಕಿದ ಹುಡುಗನಿಗೆ ಫೋನ್ ಮಾಡಿದೆ. "ಸೆನ್ಸರ್ ಪೀಸೇ ಸರಿ ಇಲ್ಲ ಮೇಡಂ" ಅಂದ. ಬೇರೆ ಪೀಸ್ ತಂದು ಹಾಕಿದ. ಅದೂ ಹಾಗೇ ಇದೆ.

ಇನ್ನೂ ಮೂರು ಕಡೆ ಹಾಕಿಸುವುದಿದೆ. ಅತ್ತೆಯವರ ಸ್ಟೀಲ್ ಬೀರು, ಅಡುಗೆಮನೆಯ ದಿನಸಿ ಕಪಾಟು, ಸ್ಟೋರ್ ರೂಮಿನ ಹಳೇ ಗೋಡೆ ಕಪಾಟು. ಈ ಕೊನೆಯದರ ಹತ್ತಿರ ಪ್ಲಗ್ ಪಾಯಿಂಟೇ ಇಲ್ಲ. ಎಲ್ಲಕ್ಕೂ ಒಂದೇ ತರದ ಲೈಟ್ ಆಗುತ್ತದಾ? ತಿಳಿದವರು ಹೇಳಿ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಬೀರುವಿಗೆ ಯಾಕ್ರಿ ಲೈಟು? ರೂಮಿನ ಟ್ಯೂಬ್‌ಲೈಟ್ ಹಾಕಿದರೆ ಸಾಲದಾ? ಸುಮ್ನೆ ದುಡ್ಡು ದಂಡ.

ಪಿ.ಜೆ. ಬಡಾವಣೆಯ ಅಜ್ಜ

ತಮ್ಮಾ, ಟ್ಯೂಬ್‌ಲೈಟ್ ಇರುವುದು ನಿನ್ನ ಬೆನ್ನ ಹಿಂದೆ. ಬೀರು ಮುಂದೆ ನಿಂತರೆ ನಿನ್ನ ನೆರಳೇ ಒಳಗೆ ಬೀಳುತ್ತದೆ. ಕೆಳಗಿನ ಅರೆಯಲ್ಲಿ ಏನಿದೆ ಅಂತ ಕೈಯಾಡಿಸಿಯೇ ನೋಡಬೇಕು. ನನ್ನ ವಯಸ್ಸಿಗೆ ಬಾ, ಕಪ್ಪು ಸಾಕ್ಸ್ ಯಾವುದು, ನೇವಿ ಬ್ಲೂ ಯಾವುದು ಅಂತ ಗೊತ್ತಾಗದೆ ಒಂದು ಕಾಲಿಗೆ ಅದು, ಇನ್ನೊಂದಕ್ಕೆ ಇದು ಹಾಕಿಕೊಂಡು ಮದುವೆಗೆ ಹೋಗುತ್ತೀಯ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಅಕ್ಕಾ, ಸೆನ್ಸರ್ ಇನ್ನೊಂದು ಸಲ ಬದಲಾಯಿಸಬೇಡಿ. ಮೊದಲು ಎರಡು ವಿಷಯ ಹೇಳಿ. ಬಾಗಿಲಿನ ಒಳಮೈ ಯಾವ ಬಣ್ಣ? ಸೆನ್ಸರ್ ನೋಡಲು ಹೇಗಿದೆ, ಎಲ್ಲಿ ಕೂತಿದೆ?

ವಿದ್ಯಾನಗರದ ಮನೆಯಾಕೆ

ಒಳಗೂ ಹೊರಗೂ ಒಂದೇ ಲ್ಯಾಮಿನೇಟ್. ಕಪ್ಪಿಗೆ ಹತ್ತಿರದ ಕಂದು, ಹೊಳಪಿಲ್ಲದ್ದು. ಸೆನ್ಸರ್ ಅಂಗಿ ಗುಂಡಿಯಷ್ಟಿದೆ. ಮೇಲಿನ ಹಲಗೆಯ ಅಂಚಿನಲ್ಲಿ, ಬಾಗಿಲ ಕಡೆಗೆ ಮುಖ ಮಾಡಿ ಕೂರಿಸಿದ್ದಾರೆ. ಮುಖದಲ್ಲಿ ಎರಡು ಸಣ್ಣ ಕಣ್ಣುಗಳಿವೆ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಬಣ್ಣದ್ದೇ ಕಿತಾಪತಿ. ಆ ಎರಡು ಕಣ್ಣಲ್ಲಿ ಒಂದು ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಇನ್ನೊಂದು ಅದು ವಾಪಸ್ ಬರುತ್ತದಾ ಅಂತ ಕಾಯುತ್ತದೆ. ಬಾಗಿಲು ಮುಚ್ಚಿದಾಗ ಬೆಳಕು ಬಾಗಿಲಿಗೆ ಬಡಿದು ವಾಪಸ್ ಬಂತು ಅಂದರೆ "ಮುಚ್ಚಿದೆ" ಅಂತ ಲೆಕ್ಕ, ಲೈಟ್ ಆರುತ್ತದೆ. ಬರಲಿಲ್ಲ ಅಂದರೆ "ತೆಗೆದಿದೆ" ಅಂತ ಲೆಕ್ಕ, ಲೈಟ್ ಉರಿಯುತ್ತದೆ. ಹೊಳಪಿಲ್ಲದ ಕಪ್ಪು ಲ್ಯಾಮಿನೇಟ್ ಮೇಲೆ ಅದು ಬಿದ್ದರೆ ಕರಿ ಕಂಬಳಿ ಮೇಲೆ ಟಾರ್ಚ್ ಬಿಟ್ಟ ಹಾಗೆ, ವಾಪಸ್ ಬರುವುದು ಏನೂ ಇಲ್ಲ. ಬಾಗಿಲು ಮುಚ್ಚಿದ್ದರೂ ಸೆನ್ಸರಿಗೆ ತೆಗೆದ ಹಾಗೇ ಕಾಣುತ್ತದೆ.

ಒಂದು ಬಿಳಿ ಕಾಗದದ ಚೂರು ತಗೊಳ್ಳಿ, ಎರಡು ಇಂಚು ಅಗಲ ಸಾಕು. ಬಾಗಿಲು ಮುಚ್ಚಿದಾಗ ಸೆನ್ಸರಿಗೆ ಎದುರಾಗುವ ಜಾಗದಲ್ಲಿ, ಬಾಗಿಲ ಒಳಮೈಗೆ ಟೇಪ್ ಹಾಕಿ ಅಂಟಿಸಿ. ಮುಚ್ಚಿ ನೋಡಿ. ಆರಿದರೆ ಸೆನ್ಸರ್ ಸರಿಯಾಗಿದೆ ಅಂತ ಅರ್ಥ. ಆಮೇಲೆ ಕಾಗದದ ಬದಲು ಬಿಳಿ ಲ್ಯಾಮಿನೇಟ್ ಚೂರು ಅಂಟಿಸಿಬಿಡಿ.

ಸೆನ್ಸರ್ ಬದುಕಿದೆಯಾ ಅಂತ ನೋಡಲು ಮೊಬೈಲ್ ಸಾಕು. ಸೆಲ್ಫಿ ಕ್ಯಾಮೆರಾ ಅದರ ಕಡೆ ಹಿಡಿಯಿರಿ. ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ಸಣ್ಣ ನೇರಳೆ ಚುಕ್ಕೆಯಾಗಿ ಕಾಣುತ್ತದೆ. ಟಿವಿ ರಿಮೋಟ್ ಪರೀಕ್ಷೆಗೂ ಇದೇ ಉಪಾಯ. ಕೆಲವು ಮೊಬೈಲಲ್ಲಿ ಕಾಣುವುದಿಲ್ಲ, ಹಾಗಾಗಿ ಮೊದಲು ರಿಮೋಟ್ ಮೇಲೆ ನೋಡಿಕೊಳ್ಳಿ.

ವಿದ್ಯಾನಗರದ ಮನೆಯಾಕೆ

ಅಣ್ಣಾ, ಆರಿತು! ಮಗಳ ನೋಟ್‌ಬುಕ್ ಹಾಳೆ ಹರಿದು ಅಂಟಿಸಿದೆ. ಬಾಗಿಲು ಮುಚ್ಚಲು ನಾಲ್ಕು ಬೆರಳಷ್ಟು ಇರುವಾಗಲೇ ಟಕ್ ಅಂತ ಆರಿತು. ಎರಡು ಸೆನ್ಸರಿಗೆ ದುಡ್ಡು ಕೊಟ್ಟೆವಲ್ಲ ಅಂತ ಯಜಮಾನರು ಗೊಣಗುತ್ತಿದ್ದಾರೆ.

ಹರಿಹರ ಮರಗೆಲಸ

ಕಾಗದ ಅಂಟಿಸುವುದು ತಾತ್ಕಾಲಿಕ. ನಮ್ಮ ಅನುಭವದಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಹತ್ತು ತರ ತಕರಾರು ತರುತ್ತದೆ. ಗಾಜಿನ ಬಾಗಿಲಾದರೆ ಬೆಳಕು ಆಚೆ ಹೋಗುತ್ತದೆ. ತೂಗುಹಾಕಿದ ಸೀರೆ ಮುಂದಕ್ಕೆ ಬಂದು ಸೆನ್ಸರಿಗೆ ಅಡ್ಡವಾದರೆ, ಬಾಗಿಲು ತೆಗೆದಿದ್ದರೂ ಲೈಟ್ ಹೊತ್ತುವುದಿಲ್ಲ. ನಾನು ಫ್ರಿಡ್ಜ್‌ನಲ್ಲಿ ಇರುತ್ತದಲ್ಲ, ಅಂತಹ ಒತ್ತು ಸ್ವಿಚ್ ಹಾಕುತ್ತೇನೆ. ಬಾಗಿಲು ಮುಚ್ಚಿದರೆ ಗುಂಡಿ ಒತ್ತುತ್ತದೆ, ಆರುತ್ತದೆ. ಬಣ್ಣದ ಹಂಗಿಲ್ಲ, ಬ್ಯಾಟರಿ ಹಂಗಿಲ್ಲ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಒಪ್ಪುತ್ತೇನೆ, ಆದರೆ ನಿಮ್ಮ ಬಾಗಿಲು ಐದು ವರ್ಷ ಆದಮೇಲೂ ನೆಟ್ಟಗಿರಬೇಕಲ್ಲ ಗುರುವೇ. ಕೀಲು ಸ್ವಲ್ಪ ಜಗ್ಗಿತು ಅಂದರೆ ಗುಂಡಿ ಪೂರ್ತಿ ಒತ್ತುವುದಿಲ್ಲ, ಲೈಟ್ ಒಳಗೆ ಉರಿಯುತ್ತಲೇ ಇರುತ್ತದೆ. ಒತ್ತು ಸ್ವಿಚ್ ಹಾಕಿದ ಮನೆಯವರು ವರ್ಷಕ್ಕೊಮ್ಮೆ ಕೀಲಿನ ಸ್ಕ್ರೂ ಬಿಗಿ ಮಾಡಿಸಬೇಕು. ಎರಡು ಬಾಗಿಲಿದ್ದರೆ ಎರಡು ಸ್ವಿಚ್ ಬೇಕು, ಇಲ್ಲವೇ ಎರಡು ತಲೆಯ ಸೆನ್ಸರ್.

ಹರಿಹರ ಮರಗೆಲಸ

ನಾವು ಹಾಕಿದ ಕೀಲು ಜಗ್ಗುವುದಿಲ್ಲ ಬಿಡ್ರಿ 🙂 ಸ್ಟ್ರಿಪ್ ಎಲ್ಲಿ ಕೂರಿಸಬೇಕು ಅಂತ ಯಾರೂ ಹೇಳಲಿಲ್ಲ. ಅದು ಮುಖ್ಯ. ಜಾಸ್ತಿ ಜನ ಮೇಲಿನ ಹಲಗೆಯ ಹಿಂಭಾಗಕ್ಕೆ ಒಂದು ಪಟ್ಟಿ ಅಂಟಿಸಿ ಮುಗಿಸುತ್ತಾರೆ. ಮೇಲಿನ ಅರೆ ಝಗಮಗ, ಕೆಳಗಿನ ಅರೆ ಕತ್ತಲು. ಬಟ್ಟೆಯ ಹಿಂದಿನಿಂದ ಬೆಳಕು ಬಂದರೆ ನಮಗೆ ಕಾಣುವುದು ಬಟ್ಟೆಯ ನೆರಳಿನ ಮಗ್ಗುಲು.

ಪಟ್ಟಿ ಬರಬೇಕಾದದ್ದು ಮುಂದೆ. ಪಕ್ಕದ ಎರಡು ಹಲಗೆಗಳ ಮುಂದಿನ ಅಂಚಿನ ಒಳಗೆ, ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ, ಬೆಳಕು ಓರೆಯಾಗಿ ಒಳಗೆ ಬೀಳುವ ಹಾಗೆ. ಆಗ ಪ್ರತಿ ಅರೆಗೂ ಬೆಳಕು ಹೋಗುತ್ತದೆ, ನಿಮ್ಮ ಕಣ್ಣಿಗೆ ಚುಚ್ಚುವುದಿಲ್ಲ. ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ, ಅಂದರೆ ಸ್ಟ್ರಿಪ್ ಕೂರುವ ಉದ್ದನೆಯ ತೊಟ್ಟಿಯಂಥ ಪಟ್ಟಿಯಲ್ಲಿ ಹಾಕಿಸಿ, ಮೇಲೆ ಹಾಲುಬಣ್ಣದ ಮುಚ್ಚಳ ಬರುತ್ತದೆ. ಪ್ರೊಫೈಲ್ ಬರೀ ಅಂದಕ್ಕಲ್ಲ, ಸ್ಟ್ರಿಪ್‌ನ ಬಿಸಿ ಎಳೆದುಕೊಳ್ಳುತ್ತದೆ. ಬರೀ ಪ್ಲೈವುಡ್ ಮೇಲೆ ಅಂಟಿಸಿದ್ದು ಬೇಸಿಗೆಯಲ್ಲಿ ಅಂಟು ಬಿಟ್ಟು ತೋರಣದ ಹಾಗೆ ನೇತಾಡುತ್ತದೆ. ಅದನ್ನು ಕೂರಿಸಲು ಹಲಗೆಯಲ್ಲಿ ಗಾಡಿ (ಉದ್ದನೆಯ ಕಾಲುವೆ) ಹೊಡೆಯುವುದಿದ್ದರೆ ಹಲಗೆ ಜೋಡಿಸುವ ಮೊದಲೇ ಹೇಳಿ. ಲ್ಯಾಮಿನೇಟ್ ಆದಮೇಲೆ ಹೇಳಿದರೆ ಯಾವ ಬಡಗಿಗೂ ಸಿಟ್ಟು ಬರುತ್ತದೆ.

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಆಂಟಿ, ಬಣ್ಣದ ಮಾತು ಬಂತಲ್ಲ. ಪ್ಯಾಕೆಟ್ ಮೇಲೆ ಕೆಲ್ವಿನ್ ಅಂತ ಇರುತ್ತದೆ. 3000 ಅಂದರೆ ಹಳದಿ, 6500 ಅಂದರೆ ನೀಲಿ ಛಾಯೆಯ ಬಿಳಿ. ಬಟ್ಟೆಗೆ 4000 ಚೆನ್ನಾಗಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಆರ್‌ಐ ಅನ್ನುವ ಸಂಖ್ಯೆ, 90 ಅಥವಾ ಮೇಲೆ ಇದ್ದರೆ ಬಣ್ಣ ಇದ್ದ ಹಾಗೆ ಕಾಣುತ್ತದೆ. ಅಜ್ಜನ ಸಾಕ್ಸ್ ಸಮಸ್ಯೆಗೆ ಅದೇ ಔಷಧ.

ಪಿ.ಜೆ. ಬಡಾವಣೆಯ ಅಜ್ಜ

ಬರೆದುಕೊಂಡೆ ಮಗಾ. ಸಿಆರ್‌ಐ 90.

ಬಿ.ಡಿ. ರಸ್ತೆ ನಿವಾಸಿ, ಚಿತ್ರದುರ್ಗ

ಇದೇ ಜಾಗದಲ್ಲಿ ನನ್ನದೂ ಒಂದು ಪ್ರಶ್ನೆ. ನಮ್ಮ ವಾರ್ಡ್ರೋಬಿನ ಲೈಟ್ ಹೊತ್ತಿ, ಆರಿ, ಹೊತ್ತಿ, ಆರಿ ಮಿಣಕ್ ಮಿಣಕ್ ಅನ್ನುತ್ತದೆ. ಸೆನ್ಸರ್ ತೆಗೆದು ನೇರ ಜೋಡಿಸಿದರೂ ಅದೇ. ಒಟ್ಟು ನಾಲ್ಕು ಮೀಟರ್ ಸ್ಟ್ರಿಪ್ ಇದೆ. ಅಡಾಪ್ಟರ್ 12 ವೋಲ್ಟ್, 2 ಆಂಪ್. ಅಂಗಡಿಯವರು ಸಾಕು ಅಂದಿದ್ದರು.

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಸರ್, ಸ್ಟ್ರಿಪ್ ಮೀಟರಿಗೆ ಎಷ್ಟು ವಾಟ್ ಅಂತ ಸುರುಳಿಯ ಮೇಲೆ ಬರೆದಿರುತ್ತದೆ. ನೋಡಿ ಹೇಳಿ.

ಬಿ.ಡಿ. ರಸ್ತೆ ನಿವಾಸಿ, ಚಿತ್ರದುರ್ಗ

9.6 ವಾಟ್.

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಹಾಗಾದರೆ ನಾಲ್ಕು ಮೀಟರಿಗೆ 38.4 ವಾಟ್. ನಿಮ್ಮ ಅಡಾಪ್ಟರ್ ಕೊಡುವುದು 12 ಗುಣಿಸು 2, ಅಂದರೆ 24 ವಾಟ್. ಹೊರೆ ಜಾಸ್ತಿ ಆದಾಗ ಅಡಾಪ್ಟರ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ, ಹೊರೆ ಇಳಿದ ಕೂಡಲೇ ಮತ್ತೆ ಆನ್ ಆಗುತ್ತದೆ. ಅದೇ ನಿಮ್ಮ ಮಿಣಕ್ ಮಿಣಕ್. ಅಡಾಪ್ಟರಿನ ಶಕ್ತಿಯಲ್ಲಿ ನೂರಕ್ಕೆ 80ರಷ್ಟು ಮಾತ್ರ ಬಳಸಬೇಕು ಅಂತ ಒಂದು ರೂಢಿ ಇದೆ. ಆ ಲೆಕ್ಕಕ್ಕೆ ನಿಮಗೆ 48 ವಾಟ್, ಅಂದರೆ 4 ಆಂಪಿನದು ಬೇಕು. ಸೆನ್ಸರ್ ಮೇಲೂ ಎಷ್ಟು ಆಂಪ್ ತಡೆಯುತ್ತದೆ ಅಂತ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಇನ್ನೊಂದು ದಾರಿ ಇದೆ. ಮೀಟರಿಗೆ 4.8 ವಾಟಿನ ಸ್ಟ್ರಿಪ್ ಹಾಕಿಸಿದರೆ ಒಟ್ಟು 19.2 ವಾಟ್ ಆಗುತ್ತದೆ. ಇರುವ ಅಡಾಪ್ಟರೇ ಸಾಕು. ಬೀರು ಒಳಗೆ ಅಷ್ಟು ಬೆಳಕು ಧಾರಾಳ ಆಯಿತು, ಕ್ರಿಕೆಟ್ ಆಡುವುದಿಲ್ಲವಲ್ಲ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಹುಡುಗ ಸರಿಯಾಗಿ ಹೇಳಿದ್ದಾನೆ. ಒಂದು ಮಾತು ಸೇರಿಸುತ್ತೇನೆ. ಅಡಾಪ್ಟರನ್ನು ಸೀರೆ ಕೆಳಗೆ, ಹಾಸಿಗೆ ಬಟ್ಟೆ ನಡುವೆ ತುರುಕಬೇಡಿ. ಅದಕ್ಕೆ ಗಾಳಿ ಬೇಕು. ಲಾಫ್ಟ್ ಮೇಲೆ, ಕೈಗೆ ಸಿಗುವ ಜಾಗದಲ್ಲಿ ಇಡಿ. ತಗೊಳ್ಳುವಾಗ ಬಿಐಎಸ್ ಗುರುತು (ಸರ್ಕಾರದ ಗುಣಮಟ್ಟದ ಗುರುತು) ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇದೆಯಾ ನೋಡಿ. 230 ವೋಲ್ಟ್ ವೈರ್ ಬೀರು ಒಳಗೆ ಬರುವುದೇ ಬೇಡ, 12 ವೋಲ್ಟ್ ಮಾತ್ರ ಬರಲಿ. ಹಿಂದೆ ಕೆಲವರು ಬಟ್ಟೆ ಬೀರುವಿನಲ್ಲಿ ಜೀರೋ ಬಲ್ಬ್ ಹಾಕಿಸುತ್ತಿದ್ದರು. ಹೆಸರಿಗೆ ಜೀರೋ, ತಿನ್ನುವುದು ಹತ್ತು ಹದಿನೈದು ವಾಟ್, ಗಾಜು ಕಾದ ಕಾವಲಿ. ಅಂಥದ್ದು ಇದ್ದರೆ ಇವತ್ತೇ ಬಿಚ್ಚಿಸಿ.

ಚಳ್ಳಕೆರೆ ಮೇಷ್ಟ್ರು

ಪ್ಲಗ್ ಇಲ್ಲದ ಗೋಡೆ ಕಪಾಟಿಗೆ ಚಾರ್ಜ್ ಮಾಡುವ ಮ್ಯಾಗ್ನೆಟ್ ಲೈಟ್ ಬರುತ್ತದೆ. ಅಡಿಕೋಲಿನ ಉದ್ದ, ಮಧ್ಯೆ ಒಂದು ಬಿಳಿ ಗುಬ್ಬಿ, ಉಬ್ಬಿದ ಗುಂಡಿಯಂಥದ್ದು. ನಾನು ತಂದಿದ್ದೇನೆ. ರಾತ್ರಿ ಕೈ ಇಟ್ಟ ಕೂಡಲೇ ಹೊತ್ತುತ್ತದೆ. ಹಗಲಲ್ಲಿ ಏನು ಮಾಡಿದರೂ ಹೊತ್ತುವುದಿಲ್ಲ. ಜೊತೆಗೆ ನನ್ನ ಹೊಸ ಮೊಬೈಲ್ ಚಾರ್ಜರಿಗೆ ಹಾಕಿದರೆ ಚಾರ್ಜೇ ಆಗುವುದಿಲ್ಲ. ವಾಪಸ್ ಕೊಡಲೇ?

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಕೊಡಬೇಡಿ ಸರ್, ಲೈಟ್ ಹಾಳಾಗಿಲ್ಲ.

ಹಗಲಿನದ್ದು: ಆ ಗುಬ್ಬಿ ಪಿಐಆರ್ ಸೆನ್ಸರ್, ಮೈಶಾಖ ಅಲ್ಲಾಡಿದ್ದನ್ನು ಗುರುತಿಸುತ್ತದೆ. ಅದರ ಜೊತೆ ಬೆಳಕು ಅಳೆಯುವ ಇನ್ನೊಂದು ಕಣ್ಣು ಇರುತ್ತದೆ. ಕಪಾಟಿನ ಬಾಗಿಲು ತೆಗೆದಾಗ ಕಿಟಕಿ ಬೆಳಕು ಬಿತ್ತು ಅಂದರೆ "ಬೆಳಕಿದೆಯಲ್ಲ, ನಾನ್ಯಾಕೆ" ಅಂತ ಸುಮ್ಮನಿರುತ್ತದೆ. ಸ್ವಿಚ್‌ನಲ್ಲಿ ಹಗಲು-ರಾತ್ರಿ ಎರಡಕ್ಕೂ ಆಗುವ ಮೋಡ್ ಇದೆಯಾ ನೋಡಿ, ಕೆಲವದರಲ್ಲಿ ಗುಂಡಿ ಎರಡು ಸಲ ಒತ್ತಿದರೆ ಬದಲಾಗುತ್ತದೆ. ಇಲ್ಲ ಅಂದರೆ ಲೈಟನ್ನು ಬಾಗಿಲಿನ ಬೆಳಕು ನೇರ ಬೀಳದ ಕಡೆ, ಅರೆಯ ಕೆಳಮೈಗೆ ಸರಿಸಿ.

ಚಾರ್ಜಿನದ್ದು: ನಿಮ್ಮ ಹೊಸ ಚಾರ್ಜರಿನ ಕೇಬಲ್ ಎರಡೂ ತುದಿ ಟೈಪ್-ಸಿ ಅಲ್ವಾ? ಅಗ್ಗದ ಲೈಟ್‌ಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಹಾಕುವುದನ್ನು ಉಳಿಸುತ್ತಾರೆ. ಅವು ಇಲ್ಲದಿದ್ದರೆ ಸಿ-ಯಿಂದ-ಸಿ ಚಾರ್ಜರಿಗೆ ಆ ಕಡೆ ಏನೋ ಜೋಡಿಸಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ, ಕರೆಂಟ್ ಬಿಡುವುದಿಲ್ಲ. ಒಂದು ತುದಿ ಹಳೇ ಅಗಲ ಯುಎಸ್‌ಬಿ ಇರುವ ಕೇಬಲ್ ಮತ್ತು ಹಳೇ ಚಾರ್ಜರ್ ಹಾಕಿ.

ಚಳ್ಳಕೆರೆ ಮೇಷ್ಟ್ರು

ಹಳೇ ಚಾರ್ಜರಿನಲ್ಲಿ ಕೆಂಪು ದೀಪ ಬಂತು. ಒಂದು ಚಾರ್ಜಿಗೆ ಎಷ್ಟು ದಿನ ಬರಬಹುದು?

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಡಬ್ಬಿ ಮೇಲಿನ "ಮೂರು ತಿಂಗಳು" ನಂಬಬೇಡಿ. ಸತತವಾಗಿ ಉರಿಸಿದರೆ ಎಷ್ಟು ಗಂಟೆ ಬರುತ್ತದೆ ನೋಡಿಕೊಳ್ಳಿ. ನಾಲ್ಕು ಗಂಟೆ ಅಂದರೆ 240 ನಿಮಿಷ. ದಿನಕ್ಕೆ 30 ಸಲ ತೆಗೆದು, ಪ್ರತಿ ಸಲ 20 ಸೆಕೆಂಡ್ ಉರಿದರೆ ದಿನಕ್ಕೆ ಹತ್ತು ನಿಮಿಷ. ಲೆಕ್ಕಕ್ಕೆ 24 ದಿನ. ಸೆನ್ಸರ್ ಕಾಯುತ್ತಾ ಕೂರಲು ಸ್ವಲ್ಪ ತಿನ್ನುತ್ತದೆ, ಅಷ್ಟು ಕಮ್ಮಿ ಆಗುತ್ತದೆ. ಲೈಟಿನ ಬೆನ್ನು ಉಬ್ಬಿದ್ದು ಕಂಡರೆ ಮತ್ತೆ ಚಾರ್ಜ್ ಹಾಕಬೇಡಿ, ಒಳಗಿನ ಲಿಥಿಯಂ ಬ್ಯಾಟರಿ ಕೆಟ್ಟಿದೆ.

ವಿದ್ಯಾನಗರದ ಮನೆಯಾಕೆ

ನಮ್ಮ ಸ್ಟೋರ್ ರೂಮಿಗೂ ಇದೇ ಸರಿ ಅನ್ನಿಸುತ್ತದೆ. ಆದರೆ ಆ ಗೋಡೆ ಸುಣ್ಣ ಬಳಿದದ್ದು. ಡಬಲ್ ಟೇಪ್ ಹಿಡಿಯುತ್ತದಾ?

ಹರಿಹರ ಮರಗೆಲಸ

ಹಿಡಿಯುವುದಿಲ್ಲ. ಸುಣ್ಣದ ಪುಡಿ ಸಮೇತ ಕಿತ್ತು ಬರುತ್ತದೆ. ಮರದ ಅರೆಯ ಕೆಳಗೆ ಎರಡು ಸಣ್ಣ ಸ್ಕ್ರೂ ಹೊಡೆದು ಕಬ್ಬಿಣದ ತಗಡು ಕೂರಿಸಿ, ಮ್ಯಾಗ್ನೆಟ್ ಅದಕ್ಕೆ ಕಚ್ಚುತ್ತದೆ. ಚಾರ್ಜಿಗೆ ಕಿತ್ತುಕೊಳ್ಳಲೂ ಸಲೀಸು.

ಹೊಸದುರ್ಗದ ಸೊಸೆ

ನಗಬೇಡಿ ದಯವಿಟ್ಟು. ನಮ್ಮ ಬೀರು ಲೈಟ್ ರಾತ್ರಿ ಹೊತ್ತು ಬಾಗಿಲು ಮುಚ್ಚಿದ್ದಾಗಲೇ ಹೊತ್ತಿಕೊಳ್ಳುತ್ತದೆ. ಯಾರಾದರೂ ಬಾತ್‌ರೂಮಿಗೆ ಎದ್ದು ಹೋದರೆ ಸಾಕು, ಸಂದಿಯಲ್ಲಿ ಬೆಳಕು. ನಮ್ಮತ್ತೆ ನಿಂಬೆಹಣ್ಣು ಇಳಿ ತೆಗೆದಿದ್ದಾರೆ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ನಿಂಬೆಹಣ್ಣು ಪಾನಕಕ್ಕೆ ಇರಲಿ ತಂಗಿ. ಪಿಐಆರ್ ಆಗಿದ್ದರೆ ಮರದ ಬಾಗಿಲಿನಾಚೆ ಅದಕ್ಕೆ ಏನೂ ಕಾಣುವುದಿಲ್ಲ, ಗಾಜಿನಾಚೆಯೂ ಕಾಣುವುದಿಲ್ಲ. ನಿಮ್ಮದು ರಾಡಾರ್ ಸೆನ್ಸರ್ ಇರಬೇಕು, ಕೆಲವರು ಮೈಕ್ರೋವೇವ್ ಅಂತಲೂ ಬರೆಯುತ್ತಾರೆ. ಅದರ ಅಲೆ ಪ್ಲೈವುಡ್ ದಾಟಿ ಹೋಗುತ್ತದೆ. ಹೊರಗೆ ಯಾರೇ ಓಡಾಡಿದರೂ ಹೊತ್ತುತ್ತದೆ, ಫ್ಯಾನ್ ತಿರುಗಿದರೂ ಕೆಲವೊಮ್ಮೆ ಹೊತ್ತುತ್ತದೆ. ವರಾಂಡಕ್ಕೆ, ಮೆಟ್ಟಿಲಿಗೆ ಒಳ್ಳೆಯದು. ಬೀರುವಿಗೆ ಬೇಡ. ಗುಬ್ಬಿ ಕಾಣದೆ ನುಣ್ಣಗೆ ಇರುವ ಸೆನ್ಸರ್ ಲೈಟ್ ತಗೊಳ್ಳುವಾಗ ಯಾವ ಸೆನ್ಸರ್ ಅಂತ ಕೇಳಿಯೇ ತಗೊಳ್ಳಿ.

ಹೊಸದುರ್ಗದ ಸೊಸೆ

ಡಬ್ಬಿ ನೋಡಿದೆ. ರಾಡಾರ್ ಅಂತಲೇ ಇದೆ! ಅದನ್ನು ಮೆಟ್ಟಿಲಿಗೆ ಹಾಕುತ್ತೇವೆ.

ವಿದ್ಯಾನಗರದ ಮನೆಯಾಕೆ

ಸ್ಟೀಲ್ ಬೀರುವಿಗೆ ಏನು ಮಾಡಲಿ? ಬಾಗಿಲಿಗೆ ಮ್ಯಾಗ್ನೆಟ್, ಚೌಕಟ್ಟಿಗೆ ಸ್ವಿಚ್ ಇರುವ ಸೆಟ್ ಸಿಗುತ್ತದೆ ಅಂತ ನಾದಿನಿ ಹೇಳಿದಳು.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಸಿಗುತ್ತದೆ, ರೀಡ್ ಸ್ವಿಚ್ ಅನ್ನುತ್ತಾರೆ. ಅದರಲ್ಲಿ ಮೂರು ತೊಡಕು. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಕಳ್ಳರ ಅಲಾರಂಗೆ ಮಾಡಿದ್ದು, ಮ್ಯಾಗ್ನೆಟ್ ಹತ್ತಿರ ಬಂದಾಗ ಕೂಡಿಕೊಳ್ಳುತ್ತದೆ. ಅದನ್ನು ಹಾಕಿದರೆ ಬಾಗಿಲು ಮುಚ್ಚಿದಾಗ ಲೈಟ್, ತೆಗೆದಾಗ ಕತ್ತಲು. ನಮಗೆ ಬೇಕಾದದ್ದು ಉಲ್ಟಾ ಕೆಲಸದ್ದು, ಇಲ್ಲವೇ ಎರಡೂ ತರ ಜೋಡಿಸಬಹುದಾದ ಮೂರು ವೈರಿನದು. ಎರಡನೆಯದು, ಕಬ್ಬಿಣದ ಮೇಲೆ ನೇರ ಕೂರಿಸಿದರೆ ಮ್ಯಾಗ್ನೆಟ್‌ನ ಬಲವನ್ನು ಕಬ್ಬಿಣವೇ ಎಳೆದುಕೊಳ್ಳುತ್ತದೆ. ಮಧ್ಯೆ ಒಂದು ಮರದ ಅಥವಾ ಪ್ಲಾಸ್ಟಿಕ್ ಚೂರು ಇಡಬೇಕು. ಕೊನೆಯದು, ಒಳಗಿನ ಎರಡು ತೆಳು ಎಲೆಗಳು ಸಣ್ಣ ಕರೆಂಟಿಗೆ ಮಾತ್ರ. ದೊಡ್ಡ ಸ್ಟ್ರಿಪ್ ಹಾಕಿದರೆ ಅಂಟಿಕೊಂಡುಬಿಡುತ್ತವೆ, ಆಮೇಲೆ ಲೈಟ್ ಆರುವುದೇ ಇಲ್ಲ.

ಇಷ್ಟೆಲ್ಲ ರಗಳೆ ಬೇಡ. ಸ್ಟೀಲ್ ಬೀರುವಿಗೆ ಮೇಷ್ಟ್ರ ಮ್ಯಾಗ್ನೆಟ್ ಲೈಟೇ ಲಾಯಕ್ಕು, ತಾನೇ ಕಚ್ಚಿಕೊಳ್ಳುತ್ತದೆ. ಮೇಲಿನ ಅರೆಯ ಕೆಳಗೆ, ಮುಂದಿನ ಅಂಚಿಗೆ ಇಡಿ. ಅತ್ತೆಯವರ ಕೈ ಅಡ್ಡಡ್ಡ ಓಡಾಡಿದರೆ ಬೇಗ ಗುರುತಿಸುತ್ತದೆ. ನೇರ ಮುಂದಕ್ಕೆ ಬಂದ ಕೈಯನ್ನು ಪಿಐಆರ್ ಸ್ವಲ್ಪ ತಡವಾಗಿ ಹಿಡಿಯುತ್ತದೆ.

ಪಿ.ಜೆ. ಬಡಾವಣೆಯ ಅಜ್ಜ

ಬೇಸಿಗೆಯಲ್ಲಿ ನಮ್ಮದು ಮಂಕಾಗುತ್ತದೆ. ಎರಡು ಮೂರು ಸಲ ಕೈ ಬೀಸಬೇಕು. ಬ್ಯಾಟರಿ ಮುಗಿದದ್ದಾ?

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಬ್ಯಾಟರಿ ಅಲ್ಲದಿರಬಹುದು ಅಜ್ಜಾ. ಪಿಐಆರ್ ನೋಡುವುದು ನಿಮ್ಮ ಕೈಗೂ ಹಿಂದಿನ ಗೋಡೆಗೂ ಇರುವ ಶಾಖದ ವ್ಯತ್ಯಾಸ. ಏಪ್ರಿಲ್-ಮೇನಲ್ಲಿ ನಮ್ಮೂರಲ್ಲಿ ಗೋಡೆಯೂ ಮೈಯೂ ಹೆಚ್ಚುಕಮ್ಮಿ ಒಂದೇ ಬಿಸಿ, ಅದಕ್ಕೆ ಗೊಂದಲ. ಮಳೆ ಬಿದ್ದಮೇಲೂ ಹಾಗೇ ಇದ್ದರೆ ಬ್ಯಾಟರಿ ನೋಡೋಣ. ನಿಮ್ಮದು ಮೂರು ಸಣ್ಣ ಸೆಲ್‌ನದ್ದಾದರೆ ಚಾರ್ಜ್ ಸೆಲ್ ಹಾಕಿದ್ದೀರಾ? ಅವು ಒಂದೊಂದು 1.2 ವೋಲ್ಟ್, ಮಾಮೂಲಿ ಸೆಲ್ 1.5. ಬೆಳಕು ಸ್ವಲ್ಪ ಕಮ್ಮಿಯೇ ಇರುತ್ತದೆ.

ಮಂಡಕ್ಕಿ ಮಿರ್ಚಿ, ದಾವಣಗೆರೆ

ಅಡುಗೆಮನೆ ಕಪಾಟಿಗೆ ಯಾವುದು? (ನನಗಲ್ಲ, ಮನೆಯವಳು ಈ ಚರ್ಚೆ ಓದಿಬಿಟ್ಟಳು.)

ಹರಿಹರ ಮರಗೆಲಸ

ಬನ್ರಿ ದಾರಿಗೆ. ಒಲೆ ಪಕ್ಕದ ಕಪಾಟಿಗೆ ಪಿಐಆರ್ ಬೇಡ. ಒಗ್ಗರಣೆ ಜಿಡ್ಡು ಗುಬ್ಬಿ ಮೇಲೆ ಕೂತರೆ ಕುರುಡಾಗುತ್ತದೆ, ಒಲೆಯ ಬಿಸಿಗೆ ಸುಮ್ಸುಮ್ನೆ ಹೊತ್ತುತ್ತದೆ. ಪ್ಲಗ್ ಇದ್ದರೆ ಒತ್ತು ಸ್ವಿಚ್ ಮತ್ತು 12 ವೋಲ್ಟ್ ಸ್ಟ್ರಿಪ್. ಕೀಲಿಗೇ ಸಿಕ್ಕಿಸುವ ಪುಟ್ಟ ಲೈಟ್ ಬರುತ್ತದೆ, ಆದರೆ ಅದರ 12 ವೋಲ್ಟ್ ಸೆಲ್ ಕಿರುಬೆರಳ ತುದಿಯಷ್ಟು. ದಿನವೆಲ್ಲ ತೆಗೆದು ಮುಚ್ಚುವ ದಿನಸಿ ಕಪಾಟಿಗೆ ತಾಳುವುದಿಲ್ಲ.

ವಿದ್ಯಾನಗರದ ಮನೆಯಾಕೆ

ಕೊನೆಯ ಪ್ರಶ್ನೆ, ಯಜಮಾನರದ್ದು. ಅಡಾಪ್ಟರ್ ಹಗಲು ರಾತ್ರಿ ಆನ್ ಇದ್ದರೆ ಕರೆಂಟ್ ಬಿಲ್ ಏರುತ್ತದಾ?

ಎಲೆಕ್ಟ್ರಾನಿಕ್ಸ್ ಓದೋ ಹುಡುಗ, ದಾವಣಗೆರೆ

ಲೈಟ್ ಆರಿದ್ದಾಗ ಅಡಾಪ್ಟರ್, ಸೆನ್ಸರ್ ಸೇರಿ ಅರ್ಧ ವಾಟ್ ತಿನ್ನುತ್ತವೆ ಅಂದುಕೊಳ್ಳಿ. 24 ಗಂಟೆ, 30 ದಿನ. ತಿಂಗಳಿಗೆ 0.36 ಯೂನಿಟ್. ಅದೇ ಲೈಟ್ ಒಳಗೆ ಆರದೆ ಉರಿಯುತ್ತಿತ್ತಲ್ಲ, 20 ವಾಟ್ ಅಂದರೂ ತಿಂಗಳಿಗೆ 14.4 ಯೂನಿಟ್ ಹೋಗುತ್ತಿತ್ತು. ಅಂಕಲ್‌ಗೆ ಈ ಎರಡನೇ ಲೆಕ್ಕ ತೋರಿಸಿ.

ಕೋಟೆ ವೈರ್‌ಮ್ಯಾನ್, ಚಿತ್ರದುರ್ಗ

ಅಡಾಪ್ಟರಿಗೆ ಪ್ರತ್ಯೇಕ ಸ್ವಿಚ್ ಮಾತ್ರ ಇರಲಿ ಅಕ್ಕಾ. ಊರಿಗೆ ಹೋಗುವಾಗ, ಗುಡುಗು ಮಿಂಚು ಇರುವಾಗ ಆಫ್ ಮಾಡಬಹುದು. ಆ ಕಾಗದ ಉದುರುವ ಮುಂಚೆ ಬಿಳಿ ಲ್ಯಾಮಿನೇಟ್ ಚೂರು ಅಂಟಿಸಿಕೊಳ್ಳಿ, ಬಡಗಿ ಹತ್ತಿರ ಬಿಟ್ಟಿಯಾಗಿ ಸಿಗುತ್ತದೆ.

ಹರಿಹರ ಮರಗೆಲಸ

ಬಿಟ್ಟಿ ಅಂತ ಯಾರು ಹೇಳಿದ್ದು? ಒಂದು ಕಪ್ ಟೀ ಆದರೂ ಬೇಕು.